ಪ್ರಾಂಶುಪಾಲರೇ, ನೋಟಿಸಿನ ಒಂದು ಸಾಲು ಬದಲಿಸಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಕಾಲೇಜುಗಳ ಪ್ರಾಂಶುಪಾಲರಿಗೆ, ಕಂಪ್ಯೂಟರ್ ಮತ್ತು ಕಾಮರ್ಸ್ ವಿಭಾಗದ ಅಧ್ಯಾಪಕರಿಗೆ, ಕಂಪ್ಯೂಟರ್ ಟ್ರೇನಿಂಗ್ ಸೆಂಟರ್ ನಡೆಸುವವರಿಗೆ,

ನಮಸ್ಕಾರ.

ನಾನು ಗದಗ-ಬೆಟಗೇರಿಯವಳು. ಹಗಲೆಲ್ಲ ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ ಆದ ಮೇಲೆ ಒಂದು ಟೆಲಿಗ್ರಾಂ ಗುಂಪು ನೋಡಿಕೊಳ್ಳುತ್ತೇನೆ. ಮನೆಯ ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್ ಹಂಚಿಕೊಳ್ಳುವ ಗುಂಪು ಅದು. ನೋಡಿಕೊಳ್ಳುವವಳು ನಾನೊಬ್ಬಳೇ ಅಲ್ಲ. ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಅಣ್ಣ ಒಬ್ಬರಿದ್ದಾರೆ. ಹಾವೇರಿ ಕಡೆಯ ಹೈಸ್ಕೂಲ್ ಟೀಚರ್ ಒಬ್ಬರಿದ್ದಾರೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ಹುಡುಗ ಒಬ್ಬನಿದ್ದಾನೆ. ಯಾರಿಗೂ ಸಂಬಳ ಇಲ್ಲ. ಯಾರಿಗೆ ಬಿಡುವಿದೆಯೋ ಅವರು ಆ ಹೊತ್ತು ನೋಡಿಕೊಳ್ಳುತ್ತಾರೆ.

ನಾವು ಹಂಚುವುದು ಮಾಡಿದವರೇ ಹಂಚಲು ಬಿಟ್ಟಿರುವ ಸಾಫ್ಟ್‌ವೇರ್ ಮಾತ್ರ. ಪತ್ರ, ಲೆಕ್ಕಪಟ್ಟಿ, ಸ್ಲೈಡ್ ಮಾಡಲು ಲಿಬ್ರೆಆಫೀಸ್. ಫೋಟೊ ತಿದ್ದಲು ಗಿಂಪ್. ಪೋಸ್ಟರ್, ಲೋಗೊ ಬರೆಯಲು ಇಂಕ್‌ಸ್ಕೇಪ್. ದನಿ ಕತ್ತರಿಸಿ ಜೋಡಿಸಲು ಆಡಾಸಿಟಿ. ವಿಡಿಯೊ ನೋಡಲು ವಿಎಲ್‌ಸಿ. ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಹಾಕಲು ಲಿನಕ್ಸ್ ಮಿಂಟ್. ದುಡ್ಡಿನ ಸಾಫ್ಟ್‌ವೇರಿನ ಬೀಗ ಮುರಿಯುವ ಕ್ರ್ಯಾಕ್, ಅದಕ್ಕೆ ಕಳ್ಳ ಕೀಲಿ ಮಾಡಿಕೊಡುವ ಕೀಜೆನ್, ಕದ್ದ ಸೀರಿಯಲ್ ನಂಬರ್ ಇವಕ್ಕೆ ನಮ್ಮಲ್ಲಿ ಜಾಗ ಇಲ್ಲ. ಗುಂಪು ಶುರುವಾದ ದಿನದಿಂದ ಇದೇ ನಿಯಮ.

ಈಗ ನಿಮಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕ್ರ್ಯಾಕ್ ಕೇಳಿಕೊಂಡು ನಮ್ಮ ಬಾಗಿಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರನ್ನು ಕಳಿಸುತ್ತಿರುವುದು ನೀವು. ಗೊತ್ತಿದ್ದು ಮಾಡುತ್ತಿದ್ದೀರಿ ಅಂತ ನಾನು ಹೇಳುವುದಿಲ್ಲ. ಆದರೆ ಆಗುತ್ತಿರುವುದು ಅದೇ.

ಸೆಮಿಸ್ಟರ್ ಶುರುವಾದ ಮೊದಲ ವಾರ ನಮ್ಮ ಗುಂಪಿಗೆ ಬರುವ ಮೆಸೇಜುಗಳನ್ನು ನೀವೊಮ್ಮೆ ನೋಡಬೇಕು. "ಸರ್, ಫೋಟೊಶಾಪ್ ಕ್ರ್ಯಾಕ್ ಇದ್ರ ಕಳಸ್ರಿ, ಅರ್ಜೆಂಟ್ ಐತಿ." "ಅಕ್ಕಾರ, ಟ್ಯಾಲಿ ಫುಲ್ ವರ್ಷನ್ ಬೇಕಾಗಿತ್ರಿ, ಕಾಲೇಜನ್ಯಾಗ ಮನ್ಯಾಗ ಹಾಕ್ಕೊಂಡ್ ಬರ್ರಿ ಅಂದಾರ." ಎಷ್ಟೋ ಸಲ ಮೆಸೇಜಿನ ಕೆಳಗೆ ನೋಟಿಸ್ ಬೋರ್ಡಿನ ಫೋಟೊ ಇರುತ್ತದೆ. ಅದರಲ್ಲಿ ಬರೆದಿರುವುದು ಇಷ್ಟು: ವಿದ್ಯಾರ್ಥಿಗಳು ಈ ಕೆಳಗಿನ ಸಾಫ್ಟ್‌ವೇರ್‌ಗಳನ್ನು ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡಿರತಕ್ಕದ್ದು. ಕೆಳಗೆ ನಾಲ್ಕೈದು ಹೆಸರು. ಅದರಲ್ಲಿ ಮೂರು ದುಡ್ಡಿನವು. ಎಲ್ಲಿಂದ ತರಬೇಕು, ಎಷ್ಟು ದುಡ್ಡು, ಪುಕ್ಕಟೆ ಸಿಗುವ ಬೇರೆ ಯಾವುದಾದರೂ ನಡೆಯುತ್ತದಾ, ಒಂದೂ ಮಾತಿಲ್ಲ.

ಮುಂಡರಗಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿ ಈ ನೋಟಿಸನ್ನು ಹೇಗೆ ಓದುತ್ತಾಳೆ? ಮನೆಯಲ್ಲಿ ಇರುವುದೇ ಅಣ್ಣ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್. ತಿಂಗಳು ತಿಂಗಳು ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ಅವಳ ಅಪ್ಪನ ಕೈಗೆ ಎಟುಕುವ ಮಾತೇ ಅಲ್ಲ. ಅದು ಸರ್‌ಗೂ ಗೊತ್ತು ಅಂತ ಅವಳಿಗೆ ಗೊತ್ತು. ಅಂದ ಮೇಲೆ ಸರ್ ಹೇಳುತ್ತಿರುವುದು ಕ್ರ್ಯಾಕ್ ಹಾಕಿಕೋ ಅಂತಲೇ ಅಲ್ವಾ? ಅವಳು ತಪ್ಪಾಗಿ ಓದಿಕೊಂಡಿಲ್ಲ. ಆ ನೋಟಿಸನ್ನು ಬೇರೆ ಥರ ಓದಲು ದಾರಿಯೇ ಇಲ್ಲ.

ಕ್ರ್ಯಾಕ್ ಹಾಕಿಕೊಂಡರೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏನೂ ಆಗಲ್ಲ ಬಿಡಿ, ಎಲ್ಲರೂ ಹಾಕ್ಕೋತಾರೆ ಅನ್ನುವ ಮಾತನ್ನು ನಾನು ಅಧ್ಯಾಪಕರ ಬಾಯಿಂದಲೇ ಕೇಳಿದ್ದೇನೆ.

ಕ್ರ್ಯಾಕ್ ಜೊತೆಗೆ ಬರುವ ಸೂಚನೆಯ ಮೊದಲ ಸಾಲು ಹೆಚ್ಚುಕಡಿಮೆ ಒಂದೇ ಇರುತ್ತದೆ. ಆಂಟಿವೈರಸ್ ಆಫ್ ಮಾಡಿ. ಎರಡನೆಯದು, ಅಡ್ಮಿನ್ ಆಗಿ ರನ್ ಮಾಡಿ. ಅಂದರೆ ಕಾವಲುಗಾರನನ್ನು ಮನೆಗೆ ಕಳಿಸಿ ತಿಜೋರಿ ಕೀಲಿಯನ್ನೂ ಕೊಟ್ಟುಬಿಡುವುದು. ರಾಣೆಬೆನ್ನೂರಿನಿಂದ ಒಬ್ಬ ಅಪ್ಪ ನಮ್ಮ ಗುಂಪಿಗೆ ಬಂದಿದ್ದರು. ಮಗ ಬಿಕಾಂ. ಅವನು ಕಾಲೇಜಿಗೆ ಬೇಕು ಅಂತ ಯಾವುದೋ ಕ್ರ್ಯಾಕ್ ಇಳಿಸಿದ್ದ. ಬೆಳಗ್ಗೆ ಎದ್ದು ನೋಡಿದರೆ ಕಂಪ್ಯೂಟರಿನ ಒಂದು ಫೈಲೂ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿನ ಬಾಲಕ್ಕೆ ನಾಲ್ಕು ಅಕ್ಷರ ಅಂಟಿಕೊಂಡಿದೆ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: 980 ಡಾಲರ್ ಕಳಿಸಿ, 72 ಗಂಟೆಯೊಳಗೆ ಮಾತಾಡಿದರೆ ಅರ್ಧಕ್ಕೆ ಬಿಡುತ್ತೇವೆ, 490 ಡಾಲರ್.

ಇದು ಸ್ಟಾಪ್ ಅಥವಾ ಡಿಜೆವಿಯು ಅನ್ನುವ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್. 2018ರಿಂದ ಓಡಾಡುತ್ತಿದೆ. ದೊಡ್ಡ ಕಂಪನಿಗಳ ತಂಟೆಗೆ ಹೋಗುವುದು ಕಡಿಮೆ. ಮನೆಯವರನ್ನೇ ಹಿಡಿಯುತ್ತದೆ, ಮುಖ್ಯವಾಗಿ ಕ್ರ್ಯಾಕ್ ಮತ್ತು ಕೀಜೆನ್ ಮೂಲಕವೇ ಬರುತ್ತದೆ. ಎಮ್ಸಿಸಾಫ್ಟ್ ಅನ್ನುವ ಸಂಸ್ಥೆ ಇದಕ್ಕೆ ಪುಕ್ಕಟೆ ಬಿಡುಗಡೆ ಸಾಧನ ಕೊಟ್ಟಿದೆ. ಆದರೆ ಈಚಿನ ತಳಿಗಳಲ್ಲಿ ಅದು ನಡೆಯುವುದು ವೈರಸ್ ಕಳ್ಳರ ಸರ್ವರ್ ಸಿಗದೆ ಒಳಗಿದ್ದ ಸಿದ್ಧ ಕೀಲಿ ಬಳಸಿದ್ದರೆ ಮಾತ್ರ. ಆ ಮನೆಯಲ್ಲಿ ಇಂಟರ್ನೆಟ್ ಚಾಲೂ ಇತ್ತು. ಹಾಗಿದ್ದಾಗ ಪ್ರತಿ ಯಂತ್ರಕ್ಕೂ ಸರ್ವರಿನಿಂದ ಬೇರೆ ಕೀಲಿ ಬರುತ್ತದೆ, ಅದು ಕಳ್ಳರ ಹತ್ತಿರವೇ ಉಳಿಯಿತು. ಹುಬ್ಬಳ್ಳಿಯ ಅಣ್ಣ ಎರಡು ರಾತ್ರಿ ಕೂತು ನೋಡಿದರು. ಈ ವೈರಸ್ ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಕೆಡಿಸುತ್ತದೆ. ಹಾಗಾಗಿ ಕೆಲವು ಉದ್ದನೆಯ ವಿಡಿಯೊಗಳು ಅರೆಬರೆ ಸಿಕ್ಕವು. ಮಗಳ ಮದುವೆಯ ಫೋಟೊಗಳು ಸಿಗಲಿಲ್ಲ. ಆ ಅಪ್ಪ ಮಗನನ್ನು ಬೈಯಲಿಲ್ಲ. "ಕಾಲೇಜಿನವ್ರು ಹೇಳ್ಯಾರ ಅಂದ, ಅದಕ್ಕ ನಾನೂ ಹೂಂ ಅಂದಿದ್ದೆ" ಅಂದರು. ಆ ಮಾತು ನನಗೆ ಇನ್ನೂ ನೋಯುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 63ಬಿ ಅನ್ನುವ ಕಲಂ ಇದೆ. ಕದ್ದ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕೆ ಅಥವಾ ವ್ಯಾಪಾರಕ್ಕೆ ಬಳಸಿಲ್ಲ ಅಂತಾದರೆ ಕೋರ್ಟು ಜೈಲು ಬಿಟ್ಟು 50 ಸಾವಿರದವರೆಗೆ ದಂಡ ಹಾಕಬಹುದು. ಮನೆಯಲ್ಲಿ ಕಲಿಯುವ ಹುಡುಗನಿಗೆ ಈ ರಿಯಾಯಿತಿ ಸಿಗಬಹುದು. ಫೀಸು ತಗೊಂಡು ಕಲಿಸುವ ಟ್ರೇನಿಂಗ್ ಸೆಂಟರಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಸೆಂಟರ್ ನಡೆಸುವವರು ಈ ಸಾಲನ್ನು ಎರಡು ಸಲ ಓದಿ ಅಂತ ಕೇಳಿಕೊಳ್ಳುತ್ತೇನೆ.

ನಾವು ಕ್ರ್ಯಾಕ್ ತೆಗೆದುಹಾಕುವುದು ಜೈಲಿನ ಹೆದರಿಕೆಯಿಂದ ಅಲ್ಲ. ಸದಸ್ಯರು ಏನೋ ಹಾಕಿದರು ಅಂತ ಅಡ್ಮಿನ್ ತಾನಾಗಿಯೇ ಅಪರಾಧಿ ಆಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ವಾಟ್ಸಾಪ್ ಗುಂಪುಗಳ ವಿಷಯದಲ್ಲಿ ಹೇಳಿವೆ. ನಾವು ತೆಗೆಯುವುದು ಅದು ಬೇರೆಯವರ ಬೆವರು ಅಂತ. ಮತ್ತೆ ಗುಂಪನ್ನು ನಂಬಿ ಬಂದವರ ಮನೆಗೆ ವೈರಸ್ ಹೋಗಬಾರದು ಅಂತ.

ಸಾಫ್ಟ್‌ವೇರ್ ಹಂಚಿಕೆಯ ಜಗಳ ಹೊಸದೇನೂ ಅಲ್ಲ. 1976ರ ಫೆಬ್ರವರಿ 3ರ ತಾರೀಕು ಹಾಕಿ ಬಿಲ್ ಗೇಟ್ಸ್ ಕೂಡ ಒಂದು ಬಹಿರಂಗ ಪತ್ರ ಬರೆದಿದ್ದರು. ಆಗ ಅವರಿಗೆ 20 ವರ್ಷ. ಆಲ್ಟೇರ್ ಅನ್ನುವ ಕಂಪ್ಯೂಟರಿಗೆ ಅವರ ಕಂಪನಿ ಮಾಡಿದ್ದ ಬೇಸಿಕ್ ಭಾಷೆಯನ್ನು ಹವ್ಯಾಸಿಗಳು ಕಾಪಿ ಮಾಡಿ ಹಂಚಿಕೊಳ್ಳುತ್ತಿದ್ದರು. ಆಲ್ಟೇರ್ ಇಟ್ಟುಕೊಂಡವರಲ್ಲಿ 100ಕ್ಕೆ 10 ಜನವೂ ದುಡ್ಡು ಕೊಟ್ಟಿಲ್ಲ, ಲೆಕ್ಕ ಹಾಕಿದರೆ ನಮ್ಮ ದುಡಿಮೆ ಗಂಟೆಗೆ 2 ಡಾಲರೂ ಬೀಳುವುದಿಲ್ಲ ಅಂತ ಅವರ ದೂರು. ಆ ದೂರು ನ್ಯಾಯವಾದದ್ದು ಅಂತಲೇ ನನಗನಿಸುತ್ತದೆ. ಆದರೆ ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಇನ್ನು ಕೆಲವರು ಬೇರೆ ದಾರಿ ಹಿಡಿದರು. ಕದಿಯಲೂ ಇಲ್ಲ, ಕೊಳ್ಳಲೂ ಇಲ್ಲ. ಟೈನಿ ಬೇಸಿಕ್ ಅಂತ ತಾವೇ ಚಿಕ್ಕದೊಂದನ್ನು ಬರೆದು, ಯಾರು ಬೇಕಾದರೂ ತಗೊಳ್ಳಿ ಅಂತ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. 1982-83ರ ಸುಮಾರಿಗೆ ಶೇರ್‌ವೇರ್ ಬಂತು. ಬಳಸಿ ನೋಡಿ, ಸ್ನೇಹಿತರಿಗೂ ಕೊಡಿ, ಹಿಡಿಸಿದರೆ ದುಡ್ಡು ಕಳಿಸಿ ಅನ್ನುವ ಪದ್ಧತಿ. 1983ರಲ್ಲಿ ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್ ಮಾಡುವ ಗ್ನೂ ಯೋಜನೆಯ ಘೋಷಣೆ, 1991ರಲ್ಲಿ ಲಿನಕ್ಸ್. 2002ರಲ್ಲಿ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರನ್ನು ಅದರ ಬಳಕೆದಾರರೇ 1 ಲಕ್ಷ ಯೂರೊ ಕೂಡಿಸಿ, ಹಕ್ಕುದಾರರಿಂದ ಬಿಡಿಸಿ ಎಲ್ಲರದ್ದಾಗಿ ಮಾಡಿಕೊಂಡರು.

ಕೂಡಿ ಮಾಡುವುದು ನಮ್ಮ ಕಡೆಗೆ ಗೊತ್ತಿಲ್ಲದ್ದಲ್ಲ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ನಾನು ಪತ್ತಿನ ಸಂಘದಲ್ಲಿ ಕೆಲಸ ಮಾಡುವವಳಾದ್ದರಿಂದ ಈ ಮಾತು ಬಂತು. ಅಲ್ಲಿ ಕಲಿತ ಒಂದು ಪದ್ಧತಿಯನ್ನು ಗುಂಪಿಗೂ ತಂದಿದ್ದೇನೆ. ಯಾವ ಮೆಸೇಜ್ ತೆಗೆದೆವು, ಯಾಕೆ ತೆಗೆದೆವು, ಯಾರು ತೆಗೆದರು ಅನ್ನುವ ಪಟ್ಟಿ ಎಲ್ಲ ಸದಸ್ಯರಿಗೂ ಕಾಣುವಂತೆ ಇರುತ್ತದೆ. ಸಂಘದ ಲೆಕ್ಕ ಸದಸ್ಯರಿಗೆ ಕಾಣದಿದ್ದರೆ ಅನುಮಾನ ಶುರುವಾಗುತ್ತದೆ. ಗುಂಪಿನಲ್ಲೂ ಅಷ್ಟೇ.

ಒಂದು ಫೈಲ್ ನಮ್ಮ ಗುಂಪಿಗೆ ಹೇಗೆ ಸೇರುತ್ತದೆ ಅಂತಲೂ ಹೇಳುತ್ತೇನೆ. ಇದನ್ನು ನಿಮ್ಮ ಲ್ಯಾಬಿನಲ್ಲೂ ಮಾಡಬಹುದು. ಒಬ್ಬ ಸದಸ್ಯ ಲಿನಕ್ಸ್ ಮಿಂಟ್ ಐಎಸ್ಒ ಫೈಲ್ (ಇಡೀ ಡಿಸ್ಕನ್ನು ಒಂದೇ ಫೈಲಾಗಿ ಕಟ್ಟಿದ್ದು) ಹಾಕುತ್ತಾನೆ ಅಂದುಕೊಳ್ಳಿ. ಅದು ತಕ್ಷಣ ಎಲ್ಲರಿಗೂ ಕಾಣುವುದಿಲ್ಲ. ನಮ್ಮಲ್ಲೊಬ್ಬರು ಅದನ್ನು ಇಳಿಸಿಕೊಂಡು, ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು, ಸರ್ಟ್‌ಯುಟಿಲ್ ಅನ್ನುವ ಆಜ್ಞೆ ಕೊಟ್ಟು, ಆ ಫೈಲಿನ ಎಸ್‌ಎಚ್‌ಎ-256 ಮೊತ್ತ ತೆಗೆಯುತ್ತಾರೆ. 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಮಾಡಿದವರು ತಮ್ಮ ಅಧಿಕೃತ ತಾಣದಲ್ಲಿ ಕೊಟ್ಟಿರುವ ಸಾಲಿನ ಜೊತೆ ಇದನ್ನು ಹೋಲಿಸಿ, ಎರಡೂ ಒಂದೇ ಇದ್ದರೆ ಮಾತ್ರ ಒಳಗೆ ಬಿಡುತ್ತೇವೆ. ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲು: ಇದು ಏನು, ಎಷ್ಟು ರ್‍ಯಾಮ್ ಬೇಕು, ಯಾವ ಲೈಸೆನ್ಸು, ಹಾಕುವಾಗ ಎಲ್ಲಿ ಹುಷಾರಾಗಿರಬೇಕು.

ಅಧಿಕೃತ ತಾಣ ಒಂದನ್ನೇ ನಂಬಿದರೂ ಸಾಲದು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೇ ಕನ್ನ ಹಾಕಿ, ಇಳಿಸುವ ಕೊಂಡಿಯನ್ನು ಕಳ್ಳಬಾಗಿಲು ಇಟ್ಟ ಐಎಸ್ಒ ಕಡೆ ತಿರುಗಿಸಿದ್ದರು. 2017ರಲ್ಲಿ ಕಂಪ್ಯೂಟರಿನ ಕಸ ತೆಗೆಯುವ ಸಿಕ್ಲೀನರ್‌ನ ಅಧಿಕೃತ ಫೈಲಿನೊಳಗೇ ಕೆಟ್ಟ ಕೋಡ್ ಸೇರಿತ್ತು, ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಹೋಯಿತು. ಅದಕ್ಕೇ ನಾವು ಹೊಸ ವರ್ಷನ್ ಬಂದ ಕೂಡಲೇ ಹಾಕುವುದಿಲ್ಲ. ಕೆಲವು ದಿನ ಬಿಟ್ಟು, ಎಲ್ಲೂ ಅಪಸ್ವರ ಇಲ್ಲ ಅಂತ ನೋಡಿಕೊಂಡು ಹಾಕುತ್ತೇವೆ. ಹುಡುಗರಿಗೆ ಇದರ ಬಗ್ಗೆ ಸಿಟ್ಟು. ಸಿಟ್ಟು ಮಾಡಿಕೊಳ್ಳಲಿ, ಪರವಾಗಿಲ್ಲ.

ಸಾಫ್ಟ್‌ವೇರಿಗಿಂತ ಜನರನ್ನು ನೋಡಿಕೊಳ್ಳುವುದೇ ಜಾಸ್ತಿ ಕೆಲಸ. ಮೊದಲು ನಮ್ಮದು ವಾಟ್ಸಾಪ್ ಗುಂಪಾಗಿತ್ತು. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತಿತ್ತು. ಒಂದು ಹುಡುಗಿ ಪ್ರಿಂಟರ್ ಬಗ್ಗೆ ಪ್ರಶ್ನೆ ಕೇಳಿದರೆ ಸಾಕು, ಅರ್ಧ ಗಂಟೆಯಲ್ಲಿ ಗೊತ್ತಿಲ್ಲದ ನಂಬರುಗಳಿಂದ ಅವಳಿಗೆ ಮೆಸೇಜು. ಹುಡುಗಿಯರು ಒಬ್ಬೊಬ್ಬರಾಗಿ ಹೊರಗೆ ಹೋದರು, ಯಾಕೆ ಅಂತ ಯಾರೂ ಹೇಳಲಿಲ್ಲ. ಹಾವೇರಿಯ ಟೀಚರ್ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಟ್ಟುಕೊಳ್ಳಬಹುದು, ಅದಕ್ಕೆ ಅಲ್ಲಿಗೆ ಬಂದೆವು. ಗುಂಪಿನ ಸದಸ್ಯರಿಗೆ ಕೇಳದೆ ಖಾಸಗಿ ಮೆಸೇಜ್ ಕಳಿಸಿದರೆ ಎರಡನೇ ಮಾತಿಲ್ಲ, ಹೊರಗೆ. ಈಗ ಪ್ರಶ್ನೆ ಕೇಳುವ ಹುಡುಗಿಯರು ಮತ್ತೆ ಬಂದಿದ್ದಾರೆ. ನನಗೆ ಅತಿ ಖುಷಿ ಕೊಟ್ಟದ್ದು ಇದು.

ನಿಮ್ಮ ಲ್ಯಾಪ್‌ಟಾಪ್ ನಾನೇ ಸರಿ ಮಾಡಿಕೊಡುತ್ತೇನೆ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ನಂಬರ್ ಕೊಡಿ ಅನ್ನುವವರನ್ನೂ ಬಿಡುವುದಿಲ್ಲ. ಸಹಾಯ ಎಷ್ಟಿದ್ದರೂ ಗುಂಪಿನಲ್ಲಿ, ಎಲ್ಲರ ಕಣ್ಣೆದುರಿಗೆ.

ಕ್ರ್ಯಾಕ್ ಕೇಳಿದವರನ್ನು ಮಾತ್ರ ನಾವು ಓಡಿಸುವುದಿಲ್ಲ. ಆ ಮೆಸೇಜ್ ತೆಗೆದು, ನಿನಗೆ ಮಾಡಬೇಕಾದ ಕೆಲಸ ಏನು ತಮ್ಮಾ ಅಂತ ಕೇಳುತ್ತೇವೆ. ಫೋಟೊಶಾಪ್ ಕೇಳಿದವನಿಗೆ ಬೇಕಾಗಿರುವುದು ಪಾಸ್‌ಪೋರ್ಟ್ ಸೈಜ್ ಫೋಟೊದ ಹಿನ್ನೆಲೆ ಬಿಳಿ ಮಾಡುವುದಷ್ಟೇ. ಗಿಂಪ್‌ನಲ್ಲಿ ಹತ್ತು ನಿಮಿಷದ ಕೆಲಸ. ಅವನು ಕಲಿಯುತ್ತಾನೆ, ಮಾಡುತ್ತಾನೆ. ಮರುದಿನ ಮತ್ತೆ ಬರುತ್ತಾನೆ. "ಅಕ್ಕಾರ, ಸರ್ ಒಲ್ಲೆ ಅಂದ್ರು. ಫೋಟೊಶಾಪ್‌ನ್ಯಾಗ ಮಾಡಿದ್ದಾ ಬೇಕಂತ." ನಮ್ಮ ಕೆಲಸ ನಿಂತುಹೋಗುವುದು ಇಲ್ಲಿ. ಇದರಿಂದ ಮುಂದಿನದು ನಿಮ್ಮ ಕೈಯಲ್ಲಿದೆ.

ಹಾಗಾಗಿ ಕೆಲವು ನಿಜವಾದ ಉದಾಹರಣೆ ಹಿಡಿದು ಮಾತಾಡೋಣ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಿಂದ ಶುರು ಮಾಡುತ್ತೇನೆ, ಅದು ನನ್ನ ದಿನದ ಅನ್ನ. ಟ್ಯಾಲಿಗೆ ಎಜುಕೇಶನಲ್ ಮೋಡ್ ಅಂತ ಇದೆ. ಲೈಸೆನ್ಸ್ ಬೇಡ, ದುಡ್ಡು ಬೇಡ, ಕಂಪನಿಯೇ ಕಲಿಯುವವರಿಗಾಗಿ ಕೊಟ್ಟಿರುವುದು. ಮುಖ್ಯ ಕಟ್ಟುಪಾಡು ಒಂದು. ವೋಚರ್ ಹಾಕುವಾಗ ತಿಂಗಳ 1, 2 ಮತ್ತು 31ನೇ ತಾರೀಕು ಬಿಟ್ಟು ಬೇರೆ ತಾರೀಕು ತಗೊಳ್ಳುವುದಿಲ್ಲ. ಬಿಕಾಂ ಹುಡುಗರು ಟ್ಯಾಲಿ ಕ್ರ್ಯಾಕ್ ಕೇಳುವುದು ಬರೀ ಇದಕ್ಕಾಗಿ. ಅವರ ಅಸೈನ್‌ಮೆಂಟಿನಲ್ಲಿ ಏಪ್ರಿಲ್ 7ಕ್ಕೆ ಸರಕು ಖರೀದಿ, 12ಕ್ಕೆ ಮಾರಾಟ, 19ಕ್ಕೆ ಬಾಡಿಗೆ ಅಂತ ಇರುತ್ತದೆ. ಸರ್, ಮೇಡಂ, ಆ ಲೆಕ್ಕದ ತಾರೀಕುಗಳನ್ನು 1 ಮತ್ತು 2ಕ್ಕೆ ಬದಲಿಸಿಬಿಡಿ. ಡೆಬಿಟ್ ಕ್ರೆಡಿಟ್ ಅದೇ, ಜಿಎಸ್‌ಟಿ ಅದೇ, ಟ್ರಯಲ್ ಬ್ಯಾಲೆನ್ಸೂ ಅದೇ. ನಿಮಗೆ ಒಂದು ಸಂಜೆಯ ಕೆಲಸ. ಅಷ್ಟರಲ್ಲಿ ಇಡೀ ಕ್ಲಾಸಿಗೆ ಕ್ರ್ಯಾಕ್ ಬೇಕಾಗುವುದೇ ಇಲ್ಲ.

ಸಿ ಮತ್ತು ಸಿ++ ಕಲಿಸುವವರಲ್ಲಿ ಕೆಲವರು ಈಗಲೂ ಟರ್ಬೊ ಸಿ++ ಬಿಟ್ಟಿಲ್ಲ. ಅದು 1990ರ ಸುಮಾರಿನ ಡಾಸ್ ಕಾಲದ್ದು. ಸಿ++ಗೆ ಮೊದಲ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಬಂದದ್ದೇ 1998ರಲ್ಲಿ. ಮಕ್ಕಳು ಮನೆಯಲ್ಲಿ ಈ ಕಾಲದ ಪುಕ್ಕಟೆ ಕಂಪೈಲರ್ ಜಿಸಿಸಿ ಹಾಕಿಕೊಂಡು ಲ್ಯಾಬ್ ಮ್ಯಾನುಯಲ್ ನೋಡಿ ಬರೆದರೆ, ಐಒಸ್ಟ್ರೀಮ್ ಡಾಟ್ ಎಚ್ ಇಲ್ಲ, ಕ್ಲಿಯರ್ ಸ್ಕ್ರೀನ್ ಗೊತ್ತಿಲ್ಲ ಅಂತ ಎರರ್. ತಾವೇ ತಪ್ಪು ಮಾಡಿದ್ದೇವೆ ಅಂದುಕೊಳ್ಳುತ್ತಾರೆ. ರಾತ್ರಿ 11ಕ್ಕೆ ಸಪ್ತಾಪುರದ ನಮ್ಮ ಹುಡುಗ ತನ್ನ ಓದು ಬದಿಗಿಟ್ಟು, ನಿನ್ನ ಪ್ರೋಗ್ರಾಂ ಸರಿ ಇದೆ, ಮ್ಯಾನುಯಲ್ ಹಳೆಯದು ಅಂತ ಸಮಾಧಾನ ಹೇಳುತ್ತಾನೆ. ಐಐಟಿ, ಐಐಐಟಿ ಎರಡೂ ಇರುವ ಊರು ಧಾರವಾಡ. ಇಲ್ಲಿ ಹೀಗಾಗಬಾರದು.

ಎಂಜಿನಿಯರಿಂಗ್ ಮತ್ತು ಡಿಪ್ಲೊಮಾದವರು ನಕ್ಷೆ ಬರೆಯುವ ಆಟೊಕ್ಯಾಡ್ ವಿಷಯ ಇನ್ನೂ ಬೇಜಾರಿನದು. ಆಟೊಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುತ್ತದೆ. ಓದುತ್ತಿರುವುದಕ್ಕೆ ಪುರಾವೆ ತೋರಿಸಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು, ಅಷ್ಟೇ. ಮೈಕ್ರೋಸಾಫ್ಟ್ ಕೂಡ ಶಾಲೆ-ಕಾಲೇಜುಗಳು ನೋಂದಾಯಿಸಿಕೊಂಡರೆ ವರ್ಡ್, ಎಕ್ಸೆಲ್‌ಗಳನ್ನು ಬ್ರೌಸರಿನಲ್ಲಿ ಬಳಸಲು ದುಡ್ಡಿಲ್ಲದೆ ಬಿಡುತ್ತದೆ. ಇದಕ್ಕೆಲ್ಲ ಬೇಕಾದದ್ದು ಕಾಲೇಜಿನ ಹೆಸರಿನ ಇಮೇಲ್ ವಿಳಾಸ, ಇಲ್ಲವೇ ತಾರೀಕು ಹಾಕಿದ ಒಂದು ದೃಢೀಕರಣ ಪತ್ರ. ಇಮೇಲ್ ಕೊಡದ ಕಾಲೇಜುಗಳಿವೆ. ಪತ್ರಕ್ಕಾಗಿ ಮಕ್ಕಳನ್ನು ಆಫೀಸಿನ ಕಿಟಕಿಯಿಂದ ಕಿಟಕಿಗೆ ಅಲೆಸುವ ಕಾಲೇಜುಗಳೂ ಇವೆ. ಒಬ್ಬ ಕ್ಲರ್ಕ್‌ಗೆ ಈ ಕೆಲಸ ವಹಿಸಿದರೆ ಮುಗಿಯಿತು.

ಇನ್ನು ಕನ್ನಡ. ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ. ಇಲ್ಲಿನ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಪುಟ ಕಟ್ಟುವ ಪೇಜ್‌ಮೇಕರ್ ಮತ್ತು ನುಡಿಯ ಹಳೇ ಆಸ್ಕಿ ಫಾಂಟುಗಳ ಸಂಸಾರವೇ. ಪೇಜ್‌ಮೇಕರ್‌ನ ಕೊನೆಯ ದೊಡ್ಡ ವರ್ಷನ್ ಬಂದದ್ದು 2001ರಲ್ಲಿ. ಅಂಗಡಿಯವರ ಕಷ್ಟ ನನಗೆ ಅರ್ಥವಾಗುತ್ತದೆ, ವರ್ಷಗಟ್ಟಲೆ ಕೂಡಿಟ್ಟ ಫೈಲುಗಳೆಲ್ಲ ಅದರಲ್ಲೇ ಇವೆ. ಆದರೆ ಇಪ್ಪತ್ತು ವರ್ಷದ ಹುಡುಗಿಯ ಕನ್ನಡ ಪ್ರಾಜೆಕ್ಟ್ ರಿಪೋರ್ಟನ್ನು ಯಾಕೆ ಆಸ್ಕಿಯಲ್ಲೇ ಕೊಡು ಅನ್ನಬೇಕು? ಆಸ್ಕಿ ಫಾಂಟಿನಲ್ಲಿ ಕನ್ನಡ ಅಕ್ಷರಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚುಕ್ಕೆ ಗೆರೆ ಹೊತ್ತ ರೋಮನ್ ಅಕ್ಷರಗಳ ಸಾಲು ಬಿಟ್ಟು ಬೇರೇನೂ ಕಾಣದು. ಹುಡುಕಲೂ ಬರುವುದಿಲ್ಲ. ಯೂನಿಕೋಡ್‌ನಲ್ಲಿ ಬರೆದರೆ ಫೋನಿನಲ್ಲೂ ಓದಬಹುದು, ಲಿನಕ್ಸಿನಲ್ಲೂ ಓದಬಹುದು. ನುಡಿಯ ಕೀಲಿಮಣೆ ಬೆರಳಿಗೆ ರೂಢಿಯಾಗಿದ್ದರೆ ಬಿಡಬೇಕಾಗಿಲ್ಲ, ಲಿನಕ್ಸ್‌ನಲ್ಲಿ ಅದೇ ವಿನ್ಯಾಸ ಕಗಪ ಅನ್ನುವ ಹೆಸರಿನಲ್ಲಿ ಮೊದಲೇ ಇದೆ. ಗುಬ್ಬಿ, ನವಿಲು, ಲೋಹಿತ್, ನೋಟೊ ಅಂತ ಮುಕ್ತ ಫಾಂಟುಗಳಿವೆ. ಪುಸ್ತಕದ ಪುಟ ಕಟ್ಟಲು ಸ್ಕ್ರೈಬಸ್ ಇದೆ. ಅದರಲ್ಲಿ ಒತ್ತಕ್ಷರ ಈಗ ಸರಿಯಾಗಿ ಕೂಡುತ್ತದೆ.

ಇನ್ನೊಂದು ವಿಷಯ ತುರ್ತಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ನಮ್ಮ ಸದಸ್ಯರ ಮನೆಗಳಲ್ಲಿರುವ ಎಷ್ಟೋ ಕಂಪ್ಯೂಟರುಗಳು ಅದಕ್ಕಿಂತ ಹಳೆಯವು. ಅವು ಕೆಟ್ಟಿಲ್ಲ, ಓಡುತ್ತಿವೆ. ಅವಕ್ಕೆ ಕದ್ದ ವಿಂಡೋಸ್ ಹಾಕಿ ಕೊಡುವವರು ಗಲ್ಲಿಗೊಬ್ಬರು ಇದ್ದಾರೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ್‍ಯಾಮ್‌ನಲ್ಲಿ ಆರಾಮಾಗಿ ನಡೆಯುತ್ತದೆ. ಹುಬ್ಬಳ್ಳಿಯ ಅಣ್ಣ ತಮ್ಮ ಅಂಗಡಿಗೆ ಬಂದ ಇಂಥ ಯಂತ್ರಗಳಿಗೆ, ಗಿರಾಕಿ ಒಪ್ಪಿದರೆ, ಅದನ್ನೇ ಹಾಕಿ ಕೊಡುತ್ತಿದ್ದಾರೆ. ಗಿರಾಕಿ ಕೇಳುವ ಮೊದಲ ಪ್ರಶ್ನೆ, "ಇದು ಕಾಲೇಜನ್ಯಾಗ ನಡೀತೈತೇನ್ರಿ?" ಅದಕ್ಕೆ ಉತ್ತರ ಅವರ ಹತ್ತಿರ ಇಲ್ಲ. ನಿಮ್ಮ ಹತ್ತಿರ ಇದೆ.

ನನ್ನ ಬೇಡಿಕೆ ಅದಕ್ಕೇ ಚಿಕ್ಕದು. ನೋಟಿಸಿನಲ್ಲಿ ಸಾಫ್ಟ್‌ವೇರಿನ ಹೆಸರಿನ ಜಾಗದಲ್ಲಿ ಮಾಡಬೇಕಾದ ಕೆಲಸ ಬರೆಯಿರಿ. "ಫೋಟೊಶಾಪ್ ಹಾಕಿಕೊಂಡು ಬನ್ನಿ" ಅನ್ನುವ ಕಡೆ "ಫೋಟೊ ತಿದ್ದುವ ಯಾವುದಾದರೂ ಸಾಫ್ಟ್‌ವೇರ್, ಉದಾಹರಣೆಗೆ ಗಿಂಪ್" ಅಂತ ಬರೆಯಿರಿ. ವರ್ಡ್ ಫೈಲೇ ಬೇಕು ಅನ್ನುವ ಕಡೆ ಪಿಡಿಎಫ್ ಅಥವಾ ಲಿಬ್ರೆಆಫೀಸಿನ ಒಡಿಟಿ ಫೈಲ್ ನಡೆಯುತ್ತದೆ ಅನ್ನಿ. ಸಿಲೆಬಸ್‌ನಲ್ಲೇ ಒಂದು ದುಡ್ಡಿನ ಸಾಫ್ಟ್‌ವೇರಿನ ಹೆಸರಿದ್ದರೆ ಅದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆಗ ಆ ಕೆಲಸವನ್ನು ಲೈಸೆನ್ಸ್ ಇರುವ ಲ್ಯಾಬಿನಲ್ಲೇ ಮಾಡಿಸಿ, ಲ್ಯಾಬನ್ನು ಸಂಜೆ ಒಂದು ತಾಸು ಜಾಸ್ತಿ ತೆರೆದಿಡಿ. ಮನೆಗೆ ಕಳಿಸಬೇಡಿ.

ಇದಕ್ಕೆ ನಮ್ಮಿಂದ ಆಗುವುದನ್ನು ಮಾಡಲು ತಯಾರಿದ್ದೇವೆ. ಎಲ್ಲ ಫೈಲುಗಳನ್ನೂ ಪರೀಕ್ಷಿಸಿ, ಮೊತ್ತ ತಾಳೆ ನೋಡಿ, ಕನ್ನಡ ಟಿಪ್ಪಣಿ ಸಮೇತ ಒಂದು ಪೆನ್‌ಡ್ರೈವಿಗೆ ತುಂಬಿ ಕೊಡುತ್ತೇವೆ. ಅದನ್ನು ನಿಮ್ಮ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಇಟ್ಟರೆ, ಹಳ್ಳಿಯ ಮಕ್ಕಳು ತಮ್ಮ ಡೇಟಾ ಸುಡದೆ ಕಾಪಿ ಮಾಡಿಕೊಳ್ಳಬಹುದು. ಭಾನುವಾರ ಕರೆದರೆ ನಾವೇ ಬರುತ್ತೇವೆ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ನಾಲ್ಕೂ ಕಡೆ ನಮ್ಮವರಿದ್ದಾರೆ. ಬಸ್ ಚಾರ್ಜು ನಮ್ಮದೇ. ಲ್ಯಾಬಿನ ಕೀಲಿ ತೆಗೆಯಲು ಒಬ್ಬರು ಇರಲಿ, ಮತ್ತೆ ಕ್ಲಾಸಿಗೆ ಇಬ್ಬರಂತೆ ಮಕ್ಕಳನ್ನು ಕಳಿಸಿ. ಅದರಲ್ಲಿ ಒಬ್ಬಳು ಹುಡುಗಿ ಇರಲಿ. ಅವರಿಗೆ ಫೈಲ್ ಪರೀಕ್ಷಿಸುವುದನ್ನು, ಲಿನಕ್ಸ್ ಹಾಕುವುದನ್ನು ಕಲಿಸಿ ಹೋಗುತ್ತೇವೆ. ಆಮೇಲೆ ಅವರೇ ನಿಮ್ಮ ಕಾಲೇಜಿನದ್ದೇ ಒಂದು ಗುಂಪು ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ನಿಯಮಗಳ ನಮ್ಮ ಪಟ್ಟಿಯನ್ನು ಹಾಗೇ ತಗೊಂಡು ಬೇಕಾದಂತೆ ತಿದ್ದಿಕೊಳ್ಳಬಹುದು, ಕೇಳುವ ಅಗತ್ಯವೂ ಇಲ್ಲ.

ಮುಂದಿನ ಸೆಮಿಸ್ಟರಿನ ನೋಟಿಸ್ ಟೈಪ್ ಆಗುವ ಮುಂಚೆ ಈ ಪತ್ರವನ್ನು ನಿಮ್ಮ ಸ್ಟಾಫ್ ಮೀಟಿಂಗಿನಲ್ಲಿ ಒಮ್ಮೆ ಓದಿಸಿ. ಹೊಂದುವುದಿಲ್ಲ ಅನಿಸಿದ್ದು ಯಾವುದು, ಯಾಕೆ ಅಂತ ತಿಳಿಸಿದರೆ ಅದಕ್ಕೂ ಕೂತು ದಾರಿ ಹುಡುಕೋಣ. ಟ್ಯಾಲಿ ಲೆಕ್ಕಗಳ ತಾರೀಕು ಬದಲಿಸುವ ಕೆಲಸ ಮಾತ್ರ ಬೇಕಾದರೆ ನನಗೇ ಕಳಿಸಿಬಿಡಿ, ನಾನು ಮಾಡಿಕೊಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,

ಗುಂಪು ನೋಡಿಕೊಳ್ಳುವವರ ಪರವಾಗಿ,
ಗದಗ-ಬೆಟಗೇರಿಯಿಂದ ಒಬ್ಬಳು